ಗೋದಾಮಿಗೆ ನೀರು ಬಂದರೆ: ಬ್ಯಾಟರಿ ಪಂಪ್ ಆರಿಸೋದು, ಕೂರಿಸೋದು ಹೇಗೆ?

ಹೆಬ್ಬಾಳೆ ಸೇತುವೆ ಮುಳುಗುವಂಥ ಮಳೆಯಲ್ಲಿ ಕಳಸ, ಮೂಡಿಗೆರೆ ಕಡೆಯ ತಗ್ಗಿನ ಗೋದಾಮುಗಳಲ್ಲೂ ನೀರು ಏಳುತ್ತದೆ. ಅದೇ ಹೊತ್ತಿಗೆ ಕರೆಂಟೂ ಇರಲ್ಲ. ದೋಣಿ ತಳದ ನೀರು ತೆಗೆಯುವ 12 ವೋಲ್ಟ್ ಬಿಲ್ಜ್ ಪಂಪ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಆಯ್ಕೆ: 1100 ಜಿಪಿಎಚ್ ಅಂದರೆ ಗಂಟೆಗೆ ಸುಮಾರು 4,100 ಲೀಟರ್. ಆದರೆ ಅದು ಮೇಲೆತ್ತದೆ ಹರಿಸುವಾಗಿನ ಲೆಕ್ಕ. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ. ಗರಿಷ್ಠ ಎತ್ತರ ಎಷ್ಟೆಂದು ನೋಡಿಯೇ ಕೊಳ್ಳಿ.

ಬ್ಯಾಟರಿ: 4 ಆಂಪಿಯರ್ ಪಂಪ್ 10 ಗಂಟೆ ಓಡಲು 40 ಆಂಪಿಯರ್-ಅವರ್ ಬೇಕು. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು, 80ರದ್ದು ಇಡಿ.

ಜೋಡಣೆ: ತಗ್ಗಿನ ಮೂಲೆಯಲ್ಲಿ ಗುಂಡಿ ತೆಗೆದು ಪಂಪ್, ಫ್ಲೋಟ್ ಸ್ವಿಚ್ ಕೂರಿಸಿ. ಪೈಪ್ ಮಡಚದಿರಲಿ. ಫ್ಯೂಸ್ ಬ್ಯಾಟರಿ ಹತ್ತಿರ ಪಾಸಿಟಿವ್ ವೈರ್‌ಗೆ ಇರಲಿ. ಬ್ಯಾಟರಿ, ವೈರ್ ಜಾಯಿಂಟ್ ಎರಡೂ ನೀರು ಮುಟ್ಟದ ಎತ್ತರದಲ್ಲಿರಲಿ. ಮಳೆಗೆ ಮೊದಲೇ ನಾಲ್ಕು ಬಕೆಟ್ ನೀರು ಸುರಿದು ಪರೀಕ್ಷಿಸಿ.

ಎಚ್ಚರ: ಮೇನ್ ಆಫ್ ಮಾಡದೆ ನೀರಿಗಿಳಿಯಬೇಡಿ. ಪೆಟ್ರೋಲ್, ಡೀಸೆಲ್ ಪಂಪನ್ನು ಮುಚ್ಚಿದ ಗೋದಾಮಿನೊಳಗೆ ಓಡಿಸಬೇಡಿ. ಅದರ ಹೊಗೆ ಜೀವ ತೆಗೆಯುತ್ತದೆ. ಕಾಫಿ, ಮೆಣಸಿನ ಚೀಲ ಹೋದರೆ ಮತ್ತೆ ದುಡಿಯಬಹುದು.