ಕೆರೆ ಯಾರದ್ದು, ಅದರೊಳಗಿನ ಮೀನು ಯಾರದ್ದು?

ಶಿವಮೊಗ್ಗದ ರವೀಂದ್ರನಗರದಲ್ಲಿ ನಿಂತು ಮೀನು ಅಂದ್ರೆ ಮೊದಲು ನೆನಪಾಗೋದು ಬಂಗುಡೆ, ಬೂತಾಯಿ. ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುವ ಸಮುದ್ರದ ಮೀನು. ಆದರೆ ಊರಿನ ಮಗ್ಗುಲಲ್ಲೇ ತುಂಗೆ ಹರಿಯುತ್ತಾಳೆ, ಗಾಜನೂರಿನಲ್ಲಿ ಅವಳಿಗೊಂದು ಅಣೆಕಟ್ಟು. ಭದ್ರಾವತಿ ದಾಟಿದರೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿಯ ಭದ್ರಾ ಜಲಾಶಯ. ಸಾಗರದ ಕಡೆ ಹೊರಟರೆ 151 ಟಿಎಂಸಿಯ ಲಿಂಗನಮಕ್ಕಿ. ನಡುವೆ ಊರಿಗೊಂದು, ಎರಡು ಕೆರೆ. ಇಷ್ಟೂ ನೀರಿನೊಳಗಿನ ಮೀನಿಗೆ ಒಡೆಯ ಯಾರು ಅನ್ನೋದು ಕೇಳಿದಷ್ಟು ಸರಳ ಪ್ರಶ್ನೆ ಅಲ್ಲ.

ಕಾನೂನಿನಿಂದ ಶುರು ಮಾಡೋಣ. ಸಂವಿಧಾನದ 7ನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ವಿಷಯ. ದಿಲ್ಲಿಯಲ್ಲಿ 2019ರಿಂದ ಅದಕ್ಕೊಂದು ಸಚಿವಾಲಯ ಇದೆ ಅನ್ನೋದು ನಿಜ. ಆದರೆ ಕೆರೆಯ ಮೀನು ಬೆಂಗಳೂರಿನ ವ್ಯವಹಾರ. 73ನೇ ತಿದ್ದುಪಡಿಯ ನಂತರ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲೂ ಮೀನುಗಾರಿಕೆ ಇದೆ. ಅಂದ್ರೆ ಕಾಗದದ ಮೇಲೆ ಇದು ಹಳ್ಳಿಯ ಕೈಯಲ್ಲಿರಬೇಕಾದ ಹಕ್ಕು.

ನಡೆಯೋದು ಹೀಗೆ. ಕೆರೆಯ ನೀರನ್ನಲ್ಲ, ಅದರಲ್ಲಿ ಮೀನು ಹಿಡಿಯುವ ಹಕ್ಕನ್ನು ಕೆಲವು ವರ್ಷಗಳಿಗೆ ಗುತ್ತಿಗೆ ಕೊಡ್ತಾರೆ. ಸಣ್ಣ ಕೆರೆಯಾದರೆ ಗ್ರಾಮ ಪಂಚಾಯ್ತಿ, ದೊಡ್ಡದಾದರೆ ಮೀನುಗಾರಿಕೆ ಇಲಾಖೆ. ಇಲಾಖೆಯ ಕೆರೆಗಳಿಗೆ ಮೀನುಗಾರರ ಸಹಕಾರ ಸಂಘಗಳು ಮುಖ್ಯ ಹಕ್ಕುದಾರರು. ಗುತ್ತಿಗೆ ಹಿಡಿದವರು ಮರಿ ಬಿಡಬೇಕು, ಕಾವಲು ಕಾಯಬೇಕು, ಹಿಡಿದು ಮಾರಬೇಕು. ದೊಡ್ಡ ಜಲಾಶಯಗಳಲ್ಲಿ ಬಲೆ ಹಾಕುವವರಿಗೆ ಒಬ್ಬೊಬ್ಬರಿಗೂ ಪರವಾನಗಿ ಕೊಡುವ ಪದ್ಧತಿಯೂ ಉಂಟು.

ಇದರಲ್ಲಿ ಒಂದು ತಿರುಚು ಇದೆ. ಮೀನು ಗುತ್ತಿಗೆದಾರನದ್ದು, ನೀರು ಮಾತ್ರ ಅಲ್ಲ. ಬೇಸಿಗೆ ಬೆಳೆಗೆ ತೂಬು ತೆಗೆದರೆ, ಅಥವಾ ಮಳೆ ಕೈಕೊಟ್ಟು ಕೆರೆ ಮೊಣಕಾಲುದ್ದಕ್ಕೆ ಇಳಿದರೆ, ಮೀನಿಗೆ ಇಷ್ಟು ನೀರಾದರೂ ಉಳಿಸಿ ಅಂತ ಅವನು ಹಕ್ಕಿನಿಂದ ಕೇಳೋ ಹಾಗಿಲ್ಲ. ಬೆಲೆ ಬರಲಿ ಬಿಡಲಿ, ಸಿಕ್ಕಷ್ಟಕ್ಕೆ ಹಿಡಿದು ಮಾರಬೇಕು. ಗುತ್ತಿಗೆ ಹಣ, ಮರಿ, ಬಲೆ ಎಲ್ಲಕ್ಕೂ ಮುಂಗಡ ಬಂಡವಾಳ ಬೇಕು. ಬೆಸ್ತರು, ಅಂಬಿಗರು, ಗಂಗಾಮತಸ್ಥರು ಕಟ್ಟಿಕೊಂಡ ಸಂಘಗಳಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಕಾಗದದಲ್ಲಿ ಸಂಘದ ಹೆಸರು, ಹಣ ಹಾಕಿದವರು ಬೇರೆ, ಬಲೆ ಎಳೆದವನಿಗೆ ಕೂಲಿ ಅನ್ನೋದು ಈ ವಲಯದ ಹಳೇ ದೂರು.

ಮರಿ ಎಲ್ಲಿಂದ ಬರುತ್ತೆ?

ಎಂಜಿನಿಯರಿಂಗ್ ಓದಿದ ನನಗೆ ಇಷ್ಟವಾಗುವ ಭಾಗ ಇದು. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಗಂಗಾ ಬಯಲಿನ ಮೀನುಗಳು. ಕಾಟ್ಲಾ ಮೇಲ್ಮಟ್ಟದಲ್ಲಿ ಮೇಯುತ್ತೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ. ಒಂದೇ ಕೆರೆ, ಮೂರು ಅಂತಸ್ತು. ಆದರೆ ನಿಂತ ನೀರಲ್ಲಿ ಇವು ಮರಿ ಮಾಡಲ್ಲ, ಉಕ್ಕಿ ಹರಿಯುವ ನದಿ ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ನಮ್ಮ ಬಿ.ಆರ್. ಪ್ರಾಜೆಕ್ಟ್‌ನ ಮೀನುಮರಿ ಕೇಂದ್ರದಂಥ ಜಾಗಗಳು ನಿಂತಿರೋದು ಈ ವಿದ್ಯೆಯ ಮೇಲೆ.

ಅನುಕೂಲ ದೊಡ್ಡದು, ಪರಿಣಾಮವೂ ಸಣ್ಣದಲ್ಲ. ಮರಿ ಪ್ರತಿ ಸಲ ಹೊರಗಿಂದ ತರಬೇಕು ಅಂದಮೇಲೆ ಕೆರೆ ಒಂದು ಹೂಡಿಕೆಯಾಗುತ್ತೆ. ಹೂಡಿದವನಿಗೆ ಕೊರವ, ಬಾಳೆ ಮೀನು ಕಳೆಯ ಹಾಗೆ ಕಾಣುತ್ತವೆ, ಯಾಕಂದ್ರೆ ಅವು ಬಿಟ್ಟ ಮರಿಯನ್ನೇ ತಿನ್ನುತ್ತವೆ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ, ನಮ್ಮ ಜಿಲೇಬಿ ಮೀನು, ಯಾರೂ ಬಿಡದೆಯೂ ಹಬ್ಬುತ್ತೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷೇಧವಾದ ಮೇಲೂ ಕದ್ದುಮುಚ್ಚಿ ನಡೆಯುತ್ತಲೇ ಇದೆ.

ಕೆರೆಬೇಟೆ

ಗುತ್ತಿಗೆ ಬರೋ ಮೊದಲು ಏನಿತ್ತು ಅಂತ ನೋಡಬೇಕಾದರೆ ಸಾಗರ, ಸೊರಬದ ಕಡೆ ಬೇಸಿಗೆಯಲ್ಲಿ ಹೋಗಬೇಕು. ಕೆರೆ ಬತ್ತುತ್ತಾ ಬಂದಾಗ ಊರಿನವರು ದಿನ ಗೊತ್ತುಮಾಡ್ತಾರೆ. ಜನ ಕೂಣಿ ಹಿಡಿದು ದಂಡೆಯ ಸುತ್ತ ನಿಲ್ತಾರೆ. ಕೂಣಿ ಅಂದ್ರೆ ಎರಡೂ ಕಡೆ ಬಾಯಿರುವ, ಮೇಲೆ ಕಿರಿದಾದ ಬುಟ್ಟಿ. ಸೂಚನೆ ಸಿಕ್ಕಿದ್ದೇ ತಡ ಎಲ್ಲರೂ ಒಟ್ಟಿಗೆ ನುಗ್ಗಿ, ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಹಾಕಿ ತಡಕಾಡ್ತಾರೆ. ಕೈಗೆ ಸಿಕ್ಕಿದ್ದು ಅವರದ್ದು. 2024ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ಘಟ್ಟದ ಆಚೆಯವರಿಗೂ ಈ ಪದ ಗೊತ್ತಾಯ್ತು.

ಹಾಗಂತ ಇದನ್ನು ಸಮಾನತೆಯ ಹಬ್ಬ ಅಂತ ಹೊಗಳೋಕೆ ನಾನು ತಯಾರಿಲ್ಲ. ಕೂಣಿಗೆ ಇಷ್ಟು ಅಂತ ದುಡ್ಡು ವಸೂಲಿ ಮಾಡಿ ನಡೆಸುವ ಬೇಟೆಗಳಿವೆ, ಮೀನು ಸಿಗದೆ ಗಲಾಟೆಯಾದದ್ದೂ ಇದೆ. ಮೊದಲ ಮಳೆಗೆ ಹಳ್ಳ ಏರುವ ಹತ್ತುಮೀನನ್ನು ಹಿಡಿಯೋದಂತೂ ಮೊಟ್ಟೆ ತುಂಬಿದ ಮೀನನ್ನೇ ಮುಗಿಸೋ ಕೆಲಸ. ಅದನ್ನು ಸಂಪ್ರದಾಯ ಅಂತ ಸಮರ್ಥಿಸಿಕೊಳ್ಳೋದು ಕಷ್ಟ. ಆದರೂ ಊರಿನ ಕೆರೆಯ ಮೇಲೆ ಊರಿನವರಿಗೆ ವರ್ಷಕ್ಕೊಂದು ದಿನವಾದರೂ ಹಕ್ಕಿದೆ ಅನ್ನೋ ಒಪ್ಪಂದ ಅದರಲ್ಲಿದೆ. ಗುತ್ತಿಗೆ ಪತ್ರದಲ್ಲಿ ಆ ದಿನಕ್ಕೆ ಜಾಗ ಇಲ್ಲದಿದ್ದರೆ ಕೂಣಿ ಹಿಡಿದವನು ಕಳ್ಳನಾಗ್ತಾನೆ.

ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಅನ್ನೋ ಮಾತು 1974ರ ಭೂಸುಧಾರಣೆಯವರೆಗೂ ನಡೆಯಿತು. ಅದು ನೆಲದ ಮೇಲಿನ ಹಕ್ಕು. ನೀರಿನಲ್ಲಿ ದುಡಿಯುವವರು ಇವತ್ತಿಗೂ ಗುತ್ತಿಗೆಯ ಅವಧಿ ಮುಗಿಯೋ ದಿನವನ್ನೇ ಎಣಿಸ್ತಿದ್ದಾರೆ. ಭದ್ರಾ ಹಿನ್ನೀರಿನ ಕಡೆ ಇನ್ನೊಂದು ತೊಡಕು: ಆ ಕಾಡು 1998ರಿಂದ ಹುಲಿ ಯೋಜನೆಯಲ್ಲಿದೆ. ಒಂದೇ ನೀರಿಗೆ ನೀರಾವರಿ, ಮೀನುಗಾರಿಕೆ, ಅರಣ್ಯ ಮೂರೂ ಇಲಾಖೆಗಳ ಬೇಲಿ.

ನಿಮ್ಮ ಊರಿನ ಕೆರೆಯ ಸ್ಥಿತಿ ತಿಳಿಯಬೇಕಾದರೆ ಪಂಚಾಯ್ತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಗುತ್ತಿಗೆ ಯಾರ ಹೆಸರಲ್ಲಿದೆ, ಎಷ್ಟು ವರ್ಷಕ್ಕೆ, ಎಷ್ಟು ಮೊತ್ತಕ್ಕೆ, ಹಣ ಯಾವ ಖಾತೆಗೆ ಜಮಾ ಆಯ್ತು, ಎಷ್ಟು ಮರಿ ಬಿಟ್ಟರು ಅನ್ನೋದನ್ನೆಲ್ಲ ಕೇಳಿ. ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯೋದು ಕಂಡರೆ ಅದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಗುತ್ತಿಗೆ ಇದ್ದವನಿಗೂ ಅದರಲ್ಲಿ ವಿನಾಯ್ತಿ ಇಲ್ಲ.