ಬಂದವರು ಯಾರು, ಇದ್ದವರು ಯಾರು?

'ಯಾವೂರೋ ನಿಂದು? ಇಲ್ಲಿಗ್ಯಾಕ್ ಬಂದೆ?' ನಮ್ಮ ಸೀಮೆಯಲ್ಲಿ ಈ ಮಾತು ಕೇಳದೆ ಬೆಳೆದ ಕೇರಿಯ ಹುಡುಗ ಇಲ್ಲ, ಪೋಡಿನ ಹುಡುಗಿ ಇಲ್ಲ. ಊರ ಯಜಮಾನ ಜಗಲಿ ಮೇಲೆ ಕೂತು ಕೇಳುತ್ತಾನೆ. ಕಾಗದ ಹಿಡಿದ ಸಾಹೇಬ ಮೇಜಿನ ಹಿಂದೆ ಕೂತು ಕೇಳುತ್ತಾನೆ. ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಯಾರು ಹೊರಗಿನಿಂದ ಬಂದವರು, ಯಾರು ಮೊದಲಿಂದ ಇದ್ದವರು ಅನ್ನುವುದನ್ನು ನೆಲ ಯಾವತ್ತೂ ತೀರ್ಮಾನ ಮಾಡಿಲ್ಲ. ನೆಲದ ಮೇಲೆ ಅಧಿಕಾರ ಇದ್ದವರು ತೀರ್ಮಾನ ಮಾಡಿದ್ದಾರೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಕಡೆಯ ಕಳೆದ ಐವತ್ತು ವರ್ಷಗಳನ್ನು ಬಿಚ್ಚಿ ನೋಡಿದರೆ ಇದು ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು, ನಿಜವಾಗಿ ದೂರದಿಂದ ಬಂದವರ ಕಥೆ.

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮ ತುಳಿದು ಬಂದರು. ಅವರಿಗೆ ನಮ್ಮ ಭಾಷೆ ಇಲ್ಲ, ನಮ್ಮ ಬಿಸಿಲು ಗೊತ್ತಿಲ್ಲ, ರಾಗಿ ಹಿಟ್ಟು ಕಂಡವರಲ್ಲ. ಆದರೂ ಆಗಿನ ಮೈಸೂರು ರಾಜ್ಯ ಅವರಿಗೆ ಜಾಗ ತೆರವು ಮಾಡಿತು. ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಆಮೇಲೆ 1974ರ ಹೊತ್ತಿಗೆ ಕೊಳ್ಳೇಗಾಲದ ಒಡೆಯರಪಾಳ್ಯ. ಆ ಜಾಗ ಈಗ ಹನೂರು ತಾಲ್ಲೂಕಿಗೆ ಸೇರಿದೆ. ಈ ಮರುವಸತಿಯ ಕೆಲಸಕ್ಕೆಂದೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು: ಮೈಸೂರು ರಿಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಇವತ್ತು ಜನ ಅದನ್ನು 'ಮೈರಾಡ' ಅಂತ ಕರೆಯುತ್ತಾರೆ. ಬಂದವರಿಗೆ ಉಳಲು ಹೊಲ, ಮಲಗಲು ಮನೆ, ಮಕ್ಕಳಿಗೆ ಸ್ಕೂಲು, ಕಾಯಿಲೆಗೆ ಆಸ್ಪತ್ರೆ, ಬೆಳೆದದ್ದು ಮಾರಲು ಸಹಕಾರ ಸಂಘ. ಒಂದು ಜನಾಂಗ ಮತ್ತೆ ಬೇರೂರಲು ಏನೇನು ಬೇಕೋ ಅದನ್ನೆಲ್ಲ ಕೂತು ಲೆಕ್ಕ ಹಾಕಿ ಮಾಡಿದರು.

ಇದರಲ್ಲಿ ನಮಗೆ ಹೊಟ್ಟೆಯುರಿ ಇಲ್ಲ ಗೆಳೆಯರೇ. ಅವರೂ ಮನೆ ಕಳೆದುಕೊಂಡವರು. ಒಡೆಯರಪಾಳ್ಯದಲ್ಲೇ ಹುಟ್ಟಿ, ಕನ್ನಡ ಮಾತಾಡಿ, ಮುಸುಕಿನ ಜೋಳ ಬೆಳೆದವರು ಕೂಡ ನಿರಾಶ್ರಿತರ ನೋಂದಣಿ ಕಾಗದ ಇಟ್ಟುಕೊಂಡು ಬದುಕಬೇಕಾಗಿದೆ. ನಾವು ಹೇಳುವುದು ಬೇರೆ. ಸರ್ಕಾರಕ್ಕೆ ಮನಸ್ಸು ಬಂದರೆ, ಒಂದು ಸಂಸ್ಥೆ ಟೊಂಕ ಕಟ್ಟಿ ನಿಂತರೆ, ಏನೂ ಇಲ್ಲದೆ ಬಂದ ಜನ ಹತ್ತು ವರ್ಷದೊಳಗೆ ಕಾಲೂರಿ ನಿಲ್ಲಬಹುದು. ಇದು ಆಗದ ಮಾತಲ್ಲ. ನಮ್ಮ ಜಿಲ್ಲೆಯಲ್ಲೇ ಆಗಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಅದೇ ವರ್ಷದ ಇನ್ನೊಂದು ಕಥೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಗುಂಡ್ಲುಪೇಟೆಯ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅದು ಮೊದಲು ಮೈಸೂರು ಅರಸರ ಬೇಟೆಯ ಕಾಡು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಅಭಯ ಯಾರಿಗೆ? ಪ್ರಾಣಿಗೆ. ಭಯ ಯಾರಿಗೆ? ಸೋಲಿಗರಿಗೆ, ಜೇನುಕುರುಬರಿಗೆ. ಒಡೆಯರಪಾಳ್ಯದಲ್ಲಿ ಹೊಸ ಮನೆಗೆ ಪಾಯ ತೋಡುತ್ತಿದ್ದ ಕಾಲದಲ್ಲೇ ಈ ಕಡೆ ಪೋಡುಗಳನ್ನು ಎತ್ತಿಸುತ್ತಿದ್ದರು. ಕಾಡೊಳಗೆ ಚೆದುರಿ ಬಾಳುತ್ತಿದ್ದವರನ್ನು ತಂದು ರಸ್ತೆ ಬದಿಯಲ್ಲಿ, ಕಾಡಂಚಿನಲ್ಲಿ ಸಾಲಾಗಿ ಕೂರಿಸಿ 'ಕಾಲೋನಿ' ಅಂದರು. ರಾಗಿ, ಅವರೆ ಚೆಲ್ಲಿ ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು. ಬೇಟೆ ಅಪರಾಧವಾಯಿತು. ಬೇಸಿಗೆ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿ ಕೊಟ್ಟು ಕಾಡನ್ನು ಹಸನು ಮಾಡುತ್ತಿದ್ದ ಪದ್ಧತಿಯೂ ಅಪರಾಧವಾಯಿತು. ಆಮೇಲೆ ಲಂಟಾನ ಪೊದೆ ಬೆಟ್ಟವನ್ನೆಲ್ಲ ನುಂಗಿತು. ಆ ತರಗುಬೆಂಕಿ ಇದ್ದಿದ್ದರೆ ಲಂಟಾನ ಈ ಪಾಟಿ ಹಬ್ಬುತ್ತಿರಲಿಲ್ಲ ಅಂತ ಸೋಲಿಗ ಹಿರಿಯರು ಹೇಳುತ್ತಲೇ ಬಂದರು. ಕೇಳುವ ಕಿವಿ ಇರಲಿಲ್ಲ.

ಈ ಜನ ಯಾರು? ಬಿಳಿಗಿರಿರಂಗಯ್ಯ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಅಂತ ಬೆಟ್ಟದ ಕಥೆ ಹೇಳುತ್ತದೆ. ಆ ಲೆಕ್ಕದಲ್ಲಿ ದೇವರು ಅವರಿಗೆ ಭಾವ ಆಗಬೇಕು. 1870ರ ದಶಕದಲ್ಲಿ ಸ್ಯಾಂಡರ್ಸನ್ ಸಾಹೇಬ ಚಾಮರಾಜನಗರದ ಕಾಡಲ್ಲಿ ಖೆಡ್ಡಾ ಮಾಡಿದಾಗ ಆನೆಯ ಜಾಡು ತೋರಿಸಿದ್ದು ಇದೇ ಕಾಡುಜನ. ದೇವರಿಗೆ ನೆಂಟರಾಗಿದ್ದವರು, ಸಾಹೇಬನಿಗೆ ಕಣ್ಣಾಗಿದ್ದವರು, ಒಂದು ಕಾನೂನಿನ ಸಹಿಯಿಂದ ತಮ್ಮ ಅಜ್ಜಿಯ ಸಮಾಧಿ ಇರುವ ಜಾಗಕ್ಕೇ ಒತ್ತುವರಿದಾರರಾದರು. ಟಿಬೆಟ್ಟಿನವರು ಗಡಿ ದಾಟಿ ನಿರಾಶ್ರಿತರಾದರು. ಸೋಲಿಗರು ಇದ್ದಲ್ಲೇ ಇದ್ದರು, ಗಡಿಯೇ ಬಂದು ಅವರನ್ನು ದಾಟಿತು. ಬಂದವರಿಗೆ ಒಂದು ಏಜೆನ್ಸಿ ಇತ್ತು. ಇದ್ದವರಿಗೆ ಏನಿತ್ತು? ಗಾರ್ಡಿನ ಲಾಠಿ.

ಆಮೇಲೆ ಸಂಸ್ಥೆಗಳು ಬಂದವು, ಇಲ್ಲ ಅನ್ನುವುದಿಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಮೊದಲು ಔಷಧಿ, ಆಮೇಲೆ ಸ್ಕೂಲು, ಆಮೇಲೆ ಕಸುಬು. ಸೋಲಿಗರ ರಕ್ತದಲ್ಲಿರುವ ಕುಡುಗೋಲು ಕಣದ ಕಾಯಿಲೆಯನ್ನು ಪತ್ತೆ ಮಾಡಿ ಅದರ ಮೇಲೆ ಕೆಲಸ ಮಾಡಿದರು. ಮೈರಾಡವೂ ಟಿಬೆಟ್ಟಿನವರ ಕೆಲಸ ಮುಗಿದ ಮೇಲೆ ಸುತ್ತಲಿನ ಬಡವರ ಕಡೆ ತಿರುಗಿತು. ಇವತ್ತು ಹಳ್ಳಿಹಳ್ಳಿಯಲ್ಲಿ ಹೆಂಗಸರು ನಡೆಸುವ ಸ್ವಸಹಾಯ ಸಂಘಗಳ ಬೀಜ 1980ರ ದಶಕದಲ್ಲಿ ಅದು ಬಿತ್ತಿದ್ದರಲ್ಲೂ ಇದೆ. ಇವರ ಬೆವರಿಗೆ ನಾವು ಕೈಮುಗಿಯುತ್ತೇವೆ. ಆದರೆ ಒಂದು ಮಾತು ಹೇಳಲೇಬೇಕು. ಸೇವೆ ಬೇರೆ, ಹಕ್ಕು ಬೇರೆ. ಸೇವೆ ಕೊಡುವವನ ಕೈ ಮೇಲಿರುತ್ತದೆ. ಹಕ್ಕು ಕೇಳುವವನ ತಲೆ ಮೇಲಿರುತ್ತದೆ.

ಆ ತಲೆ ಎತ್ತಿದ್ದು ಸೋಲಿಗರ ಸ್ವಂತ ಸಂಘ. ಅದೇ ಬೆಟ್ಟದ ಸ್ಕೂಲುಗಳಲ್ಲಿ ಓದಿದ ಮಕ್ಕಳು ಪೋಡು ಪೋಡು ತಿರುಗಿ ಜಿಲ್ಲಾ ಬುಡಕಟ್ಟು ಗಿರಿಜನ ಅಭಿವೃದ್ಧಿ ಸಂಘ ಕಟ್ಟಿದರು. ಅವರಲ್ಲಿ ಒಬ್ಬರಾದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದ ಮೇಲೂ ಸಂಘದ ಕೆಲಸ ಬಿಡಲಿಲ್ಲ. ಅಭಯಾರಣ್ಯದಲ್ಲಿ ಕಿರು ಅರಣ್ಯ ಉತ್ಪನ್ನ ಮಾರಾಟಕ್ಕೆ ಎತ್ತುವುದೇ ನಿಷೇಧ ಅಂದಾಗ, ಜೇನು, ನೆಲ್ಲಿ, ಪಾಸಿ ನಂಬಿದ್ದ ಮನೆಗಳ ಒಲೆ ಆರಿತು. ಆಗ ಸಂಘ ಬೀದಿಗೆ ಬಂತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಸಂಘದವರು ಹಿರಿಯರ ಜೊತೆ ಕಾಡು ಸುತ್ತಿ ತಮ್ಮ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಲ್ಲೆಲ್ಲಿವೆ ಅಂತ ಗುರುತಿಸಿ ನಕ್ಷೆ ಬರೆದರು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಇದ್ದ ಕಡೆ ನೂರಾರು ಹೆಸರುಗಳು ಎದ್ದು ನಿಂತವು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎತ್ತಂಗಡಿಯ ಹೆದರಿಕೆ. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದದ್ದು ದೇಶದಲ್ಲೇ ಇವರು ಮೊದಲಿಗರು.

ಕಾಡಿನ ಮಾತು ಆಯಿತು. ಊರಿನ ಮಾತೇನು? ಕೇರಿಯವರು ಊರು ಹುಟ್ಟಿದಾಗಿನಿಂದ ಇದ್ದವರು. ತಮಟೆ ಬಡಿಯಲು ಬೇಕು, ಸತ್ತ ದನ ಎತ್ತಲು ಬೇಕು, ಕಳೆ ಕೀಳಲು ಬೇಕು. ಆದರೆ ನೀರಿನ ಮುಂದೆ ಅವರು ಹೊರಗಿನವರು. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಏನಾಯಿತು? ಎಚ್.ಡಿ. ಕೋಟೆ ಕಡೆಯಿಂದ ಮದುವೆಗೆ ಬಂದ ದಲಿತ ಹೆಣ್ಣುಮಗಳೊಬ್ಬಳು ಬಾಯಾರಿ ಲಿಂಗಾಯತರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ನೆಂಟಳಾಗಿ ಬಂದವಳು. ಅವಳು ಹೋದ ಮೇಲೆ ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದಾಗ ಅಲ್ಲಿನವರೂ ಗಂಜಲ ಸಗಣಿ ಸುರಿದೇ ಕೆರೆ 'ಶುದ್ಧಿ' ಮಾಡಿದ್ದರು. ನಡುವೆ 95 ವರ್ಷ. ಸಂವಿಧಾನ ಬಂತು, 17ನೇ ವಿಧಿ ಬಂತು, ನಲ್ಲಿ ಬಂತು, ಪ್ಲಾಸ್ಟಿಕ್ ತೊಂಬೆ ಬಂತು. ಗಂಜಲ ಮಾತ್ರ ಅದೇ. ಇದಕ್ಕೆ ಮೂರು ವರ್ಷ ಮೊದಲು, 2019ರ ಜೂನ್‌ನಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಗುಡಿಯೊಂದರ ಬಳಿ ದಲಿತನೊಬ್ಬನನ್ನು ಕೈಕಟ್ಟಿ ಬೆತ್ತಲೆ ನಡೆಸಿದ್ದನ್ನೂ ಈ ಸೀಮೆ ನೋಡಿತು.

ಹೆಗ್ಗೊಠಾರದ ಸುದ್ದಿ ಹಬ್ಬಿದ ಮೇಲೆ ಅಧಿಕಾರಿಗಳು ಬಂದು, ದಲಿತರನ್ನು ಕರೆದುಕೊಂಡು ಹೋಗಿ ಊರಿನ ತೊಂಬೆಗಳ ನೀರು ಕುಡಿಸಿದರು. ಅವರ ಮೇಲೆ ಆ ಒತ್ತಡ ಬಂದದ್ದು ಆಕಾಶದಿಂದಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ರಾಜ್ಯವೆಲ್ಲ ಹೊತ್ತಿಕೊಂಡಾಗಿನಿಂದ, ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗಿನಿಂದ, ಕೇರಿಯ ಜನ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕೂರುವುದನ್ನು ಕಲಿತಿದ್ದಾರೆ. ಅದರ ಫಲ ಅದು.

ಜಾತಿ ಜನಾಂಗಭೇದವಲ್ಲ, ಅದು ನಮ್ಮ ಮನೆಯ ವಿಷಯ ಅಂತ 2001ರ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರ್ಕಾರ ವಾದ ಮಾಡಿತು. ಅಂಬೇಡ್ಕರರು 1946ರಲ್ಲೇ ಅಮೆರಿಕದ ಕರಿಯರ ನಾಯಕ ಡು ಬೋಯಿಸ್‌ಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ನೀಗ್ರೋ ಜನ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಅವರಿಗೆ ನೆಂಟಸ್ತಿಕೆ ಗೊತ್ತಿತ್ತು. ಚರ್ಮ ನೋಡಿ ನೀರು ಕೊಡದವನೂ, ಕೇರಿ ಕೇಳಿ ನೀರು ಕೊಡದವನೂ ಒಂದೇ ಹಟ್ಟಿಯ ದನ.

ಕೊನೆಗೆ ಒಂದು ಕೆಲಸದ ಮಾತು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡ ಅಲ್ಲದವರು, ಅಂದರೆ ಕಾಡಂಚಿನ ದಲಿತರೂ, ಮೂರು ತಲೆಮಾರು, 75 ವರ್ಷ ಅಲ್ಲೇ ಇದ್ದೇವೆ ಅಂತ ರುಜುವಾತು ಮಾಡಬೇಕು. ಓದು ಬರಹವನ್ನೇ ಕಿತ್ತುಕೊಂಡಿದ್ದ ಜನರ ಹತ್ತಿರ 75 ವರ್ಷದ ಕಾಗದ ಕೇಳುವುದು! ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಒಂದು ಬಾಗಿಲೂ ಇದೆ. ಹಕ್ಕು ಕೇಳುವವರನ್ನು ಬಿಟ್ಟು ಬೇರೆ ಹಿರಿಯರು ಹೇಳಿದ ಮಾತನ್ನು ಬರಹಕ್ಕಿಳಿಸಿದರೆ ಅದು ಸಾಕ್ಷಿ. ಹಳೆಯ ಸಮಾಧಿ, ದೇವರ ಕಲ್ಲು, ಬಾವಿ ಸಾಕ್ಷಿ. ಅಂದರೆ ನಮ್ಮ ಅಜ್ಜಿಯ ಬಾಯಿ ಕಾನೂನಿನ ಕಣ್ಣಲ್ಲಿ ದಸ್ತಾವೇಜು.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ಗೆಳೆಯರೇ, ನಮ್ಮ ಮನೆಗಳಲ್ಲಿ ಮೊದಲು ಪೆನ್ನು ಹಿಡಿದವರು ನಾವು. ಕವಿತೆ ಆಮೇಲೆ ಬರೆಯೋಣ. ಈ ಬೇಸಿಗೆ ರಜೆಯಲ್ಲಿ ಬಂಡೀಪುರದ ಅಂಚಿನ ಕಾಲೋನಿಗಳಿಗೆ, ಬೆಟ್ಟದ ಪೋಡುಗಳಿಗೆ, ನಮ್ಮದೇ ಕೇರಿಗಳಿಗೆ ಒಂದು ನೋಟ್‌ಬುಕ್ ಹಿಡಿದು ಹೋಗೋಣ. ಎಲ್ಲಿದ್ದಿರಿ, ಯಾರು ಎಬ್ಬಿಸಿದರು, ಯಾವ ಬಾವಿ ಯಾರು ತೋಡಿದ್ದು ಅಂತ ಕೇಳಿ, ಅವರ ಮಾತಲ್ಲೇ ಬರೆದು, ಹೆಬ್ಬೆಟ್ಟು ಒತ್ತಿಸಿ ಗ್ರಾಮಸಭೆಗೆ ಕೊಡೋಣ. 'ಯಾವೂರೋ ನಿಂದು?' ಅಂತ ಇನ್ನು ಯಾರಾದರೂ ಕೇಳಿದರೆ ಆ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಡೋಣ.