ಸೊಪ್ಪಿನೊಳಗಿನ ರೇಷ್ಮೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ ನನಗೆ ಮೊದಲು ನೆನಪಾದದ್ದು ರಾಜರಲ್ಲ, ಕೋಟೆಯಲ್ಲ, ಹಿಪ್ಪುನೇರಳೆ ಸೊಪ್ಪು. ಯಲಹಂಕದಿಂದ ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟದವರೆಗೆ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು, ಮದುವೆ, ಸಾಲದ ತೀರುವಳಿ ಎಲ್ಲ ನಡೆದದ್ದು ಆ ಸೊಪ್ಪಿನಿಂದ.

ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆಗೆ ನೆಲೆ ಕೊಟ್ಟವನು ಟಿಪ್ಪು ಸುಲ್ತಾನ್. 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ಕ್ರಮದ ರೇಷ್ಮೆ ಫಾರ್ಮ್ ಆರಂಭಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ. ನಮ್ಮ ಉತ್ತರದ ಕಡೆ, 1899ರಲ್ಲಿ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಹೆಬ್ಬಾಳದ ಕೃಷಿ ಪ್ರಯೋಗ ಕ್ಷೇತ್ರ ಶುರುವಾಯಿತು. ಅದರ ಮೊದಲ ಕೆಲಸ ನೋಡಿಕೊಂಡ ಡಾ. ಲೇಮನ್ ಕೃಷಿ ರಸಾಯನಶಾಸ್ತ್ರಜ್ಞ. ಆ ಬೀಜವೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು.

ನಮ್ಮ ಮನೆಯಲ್ಲಿ ರಸಾಯನಶಾಸ್ತ್ರ ಬಲ್ಲವಳು ಅಜ್ಜಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಾಕಿ ಹುಳುವಿಗೆ ಕುಡಿ ಸೊಪ್ಪು, ನಾಲ್ಕನೇ ಜ್ವರ ಎದ್ದ ಹುಳುವಿಗೆ ಬಲಿತ ಸೊಪ್ಪು. ಬೆಳಗಿನ ತಂಪಿನಲ್ಲೇ ಕೊಯ್ದು ಒದ್ದೆ ಗೋಣಿ ಹೊದಿಸಬೇಕು. ಆದರೆ ಎಲೆಯ ಮೇಲೆ ನೀರು ನಿಂತಿರಬಾರದು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಮಳೆಗಾಲ, ಪರೀಕ್ಷೆಯ ಅವಸರದಲ್ಲಿ ನೆಂದ ಸೊಪ್ಪನ್ನು ಆರಿಸದೆ ಎರಡು ದಿನ ತಟ್ಟೆಗಳಿಗೆ ಹಾಕಿದೆ. ಹುಳು ಸಪ್ಪೆ ರೋಗಕ್ಕೆ ಬಿದ್ದವು. ಚಂದ್ರಿಕೆ ಹತ್ತಿದ್ದು ಅರ್ಧವೂ ಇಲ್ಲ. ಅಜ್ಜಿ ಬೈಯಲಿಲ್ಲ. "ಹುಳ ನೀರು ಕುಡಿಯಲ್ಲ ಮಗ, ಸೊಪ್ಪೇ ಅದಕ್ಕೆ ನೀರು, ಸೊಪ್ಪೇ ಅನ್ನ" ಅಂದಳು. ಆ ವರ್ಷ ಅವಳ ಕಿವಿಯ ಓಲೆ ಅಡಕ್ಕೆ ಹೋಯಿತು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಇದರ ವಿಜ್ಞಾನ ಓದಿದೆ. ಕುಡಿ ಎಲೆಯಲ್ಲಿ ನೀರು, ಪ್ರೋಟೀನ್ ಹೆಚ್ಚು, ನಾರು ಕಡಿಮೆ. ಮರಿಹುಳುವಿನ ಬಾಯಿಗೆ ಅದೇ ಸರಿ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ 80ರಷ್ಟು ಪಾಲಿಗೂ ಹೆಚ್ಚು ಕೊನೆಯ ಹಂತದಲ್ಲೇ ಮುಗಿಯುತ್ತದೆ. ರೇಷ್ಮೆ ಎಂದರೂ ಪ್ರೋಟೀನೇ. ಅದರ ಬಹುಪಾಲು ನೇರವಾಗಿ ಎಲೆಯ ಪ್ರೋಟೀನಿನಿಂದ ಬಂದದ್ದು. ಯೂರಿಯಾ ಸುರಿದು, ನೀರು ಹೆಚ್ಚಿಸಿ ಬೆಳೆದ ಮೆತ್ತನೆ ಸೊಪ್ಪು ನೋಡಲು ಹಸಿರು, ಆದರೆ ದೊಡ್ಡ ಹುಳುವಿಗೆ ರೋಗ ತರುತ್ತದೆ, ಗೂಡು ತೆಳುವಾಗುತ್ತದೆ.

ಚಹಾದಲ್ಲೂ ಗುಣ ನಿಲ್ಲುವುದು ಎಲೆಯ ಮೇಲೇ, ಆದರೆ ದಾರಿ ಬೇರೆ. ಅಲ್ಲಿ ಎರಡೆಲೆ, ಒಂದು ಮೊಗ್ಗು ಕಿತ್ತು, ಬಾಡಿಸಿ, ಜಜ್ಜಿ ಗಾಳಿಗೆ ಬಿಡುತ್ತಾರೆ. ಎಲೆಯ ಪಾಲಿಫೀನಾಲ್‌ಗಳು ಆಮ್ಲಜನಕದೊಡನೆ ಸೇರಿ ಕೆಂಪು ಬಣ್ಣವನ್ನೂ ಒಗರನ್ನೂ ಕೊಡುತ್ತವೆ. ಅಲ್ಲಿ ಬಾಡಿದರೇ ಗುಣ. ನಮ್ಮಲ್ಲಿ ಬಾಡಿದರೆ ಬೆಳೆಯೇ ನಷ್ಟ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ನೆಲಕ್ಕೆ ಬೆಲೆ ಬಂತು, ತೋಟಗಳು ಬಡಾವಣೆಗಳಾದವು. ನಮ್ಮದೂ ಹೋಯಿತು. ಅದರ ಹಣದಲ್ಲೇ ನಾನು ಓದಿದೆ, ಹಾಗಾಗಿ ದೂರುವ ಹಕ್ಕು ನನಗಿಲ್ಲ. ಅಜ್ಜಿಯೂ ಈಗಿಲ್ಲ. ಎಲೆಯನ್ನು ಬೆರಳಲ್ಲಿ ಮಡಚಿ ನೋಡಿ "ಇದು ಆಗುತ್ತೆ, ಇದು ಆಗಲ್ಲ" ಎನ್ನುತ್ತಿದ್ದಳಲ್ಲ, ಆ ಲೆಕ್ಕವನ್ನು ನಾನು ಕೇಳಿ ಬರೆದಿಡಲಿಲ್ಲ.

ಶಾಲೆಯ ಮಕ್ಕಳಿಗೆ ನನ್ನದೊಂದು ಕೋರಿಕೆ. ಹುಳು ಸಾಕಿದ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ. ಹೋಗಿ ಕೇಳಿ, ಬರೆದುಕೊಳ್ಳಿ. ಶಾಲೆಯ ಕಾಂಪೌಂಡ್ ಪಕ್ಕದಲ್ಲಿ ಒಂದು ಸಾಲು ಹಿಪ್ಪುನೇರಳೆ ಕಡ್ಡಿ ನೆಡೋಣ. ಕಡ್ಡಿ ತರುವ ಜವಾಬ್ದಾರಿ ನನ್ನದು.